‘ಏನೂ ಆಗಲ್ಲ’ ಅನ್ನುವ ಮದ್ದು ಸಾಕು, ನರ್ಸ್‌ಗಳಿಗೆ ಬಾಗಿಲಿರುವ ಒಂದು ಕೋಣೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ಕೊಡಗಿನಲ್ಲಿ ಮನಸ್ಸಿನ ಕಾಯಿಲೆಗೆ ಡಾಕ್ಟರೇ ಸಿಗುವುದಿಲ್ಲ, ಎಲ್ಲದಕ್ಕೂ ಮೈಸೂರಿಗೋ ಮಂಗಳೂರಿಗೋ ಓಡಬೇಕು ಅಂತ ನಿಮ್ಮ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದನ್ನು ಓದಿದೆ. ಅರ್ಧ ನಿಜ. ಮಡಿಕೇರಿಯಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಮೊದಲಿನಷ್ಟು ಕಷ್ಟ ಇಲ್ಲ. ಆದರೆ ಕುಟ್ಟದಿಂದಲೋ ಬಿರುನಾಣಿಯಿಂದಲೋ ಮಡಿಕೇರಿಗೆ ಬಂದು, ತೋರಿಸಿ, ಮಾತ್ರೆ ತಗೊಂಡು ವಾಪಸ್ ಹೋಗುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು, ಮುಂದಿನ ತಿಂಗಳು ಅವರು ಹೊರಡುವುದೇ ಇಲ್ಲ. ಡಾಕ್ಟರುಗಳು ಜಾಸ್ತಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಹೊರಟಿದ್ದು ಬೇರೆ. ಡಾಕ್ಟರ್ ಬರುವ ತನಕವೂ, ಬಂದ ಮೇಲೂ, ರೋಗಿಯ ಹತ್ತಿರ ಹೆಚ್ಚು ಹೊತ್ತು ಇರುವವರು ನರ್ಸ್‌ಗಳು. ಮನಸ್ಸಿನ ಕಾಯಿಲೆಯವರ ಜೊತೆ ಕೂತು ಮಾಡುವ ಮಾತಿನ ಚಿಕಿತ್ಸೆಯನ್ನು ನಮಗೆ ಸರಿಯಾಗಿ ಕಲಿಸಿ, ಅದನ್ನು ಮಾಡಲು ಜಾಗ ಕೊಡಿ. ಇಷ್ಟೇ ನನ್ನ ಮಾತು.

ಈ ಜಿಲ್ಲೆಯಲ್ಲೇ 22 ವರ್ಷದಿಂದ ಸರ್ಕಾರಿ ನರ್ಸ್ ನಾನು. ಈಗ ನಮ್ಮನ್ನು ಶುಶ್ರೂಷಾಧಿಕಾರಿ ಅಂತ ಕರೆಯಬೇಕು. ಬೋರ್ಡ್ ಬದಲಾಯಿತು, ರೋಗಿಗಳು ಮಾತ್ರ ಇವತ್ತಿಗೂ ‘ಸಿಸ್ಟರ್’ ಅನ್ನುತ್ತಾರೆ, ನನಗೂ ಅದೇ ಹಿತ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊಡಗು ಸಣ್ಣ ಜಿಲ್ಲೆ, ‘ಅವರ ಸೊಸೆ, ಇವರ ಅಳಿಯ’ ಅಂತ ಎರಡು ಪ್ರಶ್ನೆಯಲ್ಲಿ ಯಾರ ಗುರುತು ಬೇಕಾದರೂ ಹಿಡಿಯುತ್ತಾರೆ. ಹಾಗಾಗಿ ಕೆಳಗೆ ಬರುವವರ ಹೆಸರೂ ಇಲ್ಲ, ಊರೂ ಇಲ್ಲ, ವಿವರಗಳನ್ನೂ ಸ್ವಲ್ಪ ಅದಲು ಬದಲು ಮಾಡಿದ್ದೇನೆ.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಒಬ್ಬ ಹೆಂಗಸು, ವಯಸ್ಸು ನಲವತ್ತರ ಒಳಗೆ. ಕಾಫಿ ಕುಯ್ಲಿನ ಸಮಯದಲ್ಲಿ ಒಂದು ದಿನ ತೋಟದಲ್ಲೇ ಎದೆ ಡವಡವ ಅಂತ ಹೊಡೆದುಕೊಂಡು, ಕೈಕಾಲು ಜೋಮು ಹಿಡಿದು, ಇನ್ನೇನು ಸತ್ತೇ ಹೋದೆ ಅಂತ ಜೀಪಿನಲ್ಲಿ ಹಾಕಿಕೊಂಡು ಬಂದರು. ಇಸಿಜಿ ಸರಿಯಾಗಿತ್ತು. ರಕ್ತ ಕಡಿಮೆ ಇತ್ತು, ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟೆವು, ರಕ್ತ ಏರಿತು. ಭಯ ಇಳಿಯಲಿಲ್ಲ. ಮುಂದಿನ ವಾರ ಮತ್ತೆ ಬಂದರು, ಅದರ ಮುಂದಿನ ವಾರವೂ ಬಂದರು. ಯಾರೋ ಗ್ಯಾಸ್ ಅಂದರು, ಒಂದು ಇಂಜೆಕ್ಷನ್ ಆಯಿತು. ನಾನು ಪ್ರತಿ ಸಲ ಬಿಪಿ ನೋಡಿ, ಕೈ ಹಿಡಿದುಕೊಂಡು, ‘ಏನೂ ಆಗಲ್ಲಮ್ಮ, ಧೈರ್ಯವಾಗಿರಿ’ ಅನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ನನಗೂ ಪುಣ್ಯದ ಕೆಲಸ ಮಾಡಿದೆ ಅನ್ನಿಸುತ್ತಿತ್ತು. ನಾಲ್ಕೇ ದಿನ, ಮತ್ತೆ ಬಾಗಿಲಲ್ಲಿ ಅವರೇ.

ಎರಡು ವರ್ಷದ ನಂತರ ಒಂದು ತರಬೇತಿಗೆ ಹೋದಾಗ ಗೊತ್ತಾಯಿತು, ಆ ‘ಏನೂ ಆಗಲ್ಲ’ ಅನ್ನುವುದೇ ಒಂದು ಡೋಸ್ ಅಂತ. ಕುಡಿಯುವವರಿಗೆ ಬೆಳಗ್ಗಿನ ಪೆಗ್ ಇದ್ದ ಹಾಗೆ. ಆ ಹೊತ್ತಿಗೆ ನಡುಕ ನಿಲ್ಲುತ್ತದೆ, ಆದರೆ ಸಿಸ್ಟರ್ ಹೇಳಿದ್ದರಿಂದ ಉಳಿದೆ ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ, ತಾನೇ ತಾನಾಗಿ ಇಳಿಯುವ ಭಯ ಅದು ಅನ್ನುವುದನ್ನು ಕಲಿಯಲು ಅವರಿಗೆ ಅವಕಾಶವೇ ಸಿಗುವುದಿಲ್ಲ. ಅಂದರೆ ಎರಡು ವರ್ಷ ನಾನೇ ಆ ಕಾಯಿಲೆಗೆ ಗೊಬ್ಬರ ಹಾಕಿದ್ದೆ.

ಆ ತರಬೇತಿಯಲ್ಲಿ ಕಲಿಸಿದ್ದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಹಿಡಿದು ಮಾಡುವ ಮಾತಿನ ಚಿಕಿತ್ಸೆ. ಹೆಸರು ಬಾಯಿ ತಿರುಗದಷ್ಟು ಉದ್ದ, ಸಿಬಿಟಿ ಅಂತಲೇ ಕರೆಯೋಣ. ನಾವು ನರ್ಸಿಂಗ್ ಓದುವಾಗ ಇದು ಪರೀಕ್ಷೆಗೆ ಐದು ಅಂಕದ ಪ್ರಶ್ನೆ, ಬಾಯಿಪಾಠ ಮಾಡಿ ಬರೆದು ಮರೆತಿದ್ದೆವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಇದನ್ನು ಕಟ್ಟಿದರು. ಖಿನ್ನತೆ ಇರುವವರ ತಲೆಯಲ್ಲಿ ಮಾತಿನ ನಡುವೆಯೇ ಮಿಂಚಿನ ಹಾಗೆ ಸಣ್ಣ ಸಣ್ಣ ಯೋಚನೆಗಳು ಹಾದುಹೋಗುತ್ತವೆ, ಅವರು ಅವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ನಿಜವೋ ಅಲ್ಲವೋ ಅಂತ ಕೇಳಿಕೊಳ್ಳುವುದೂ ಇಲ್ಲ, ಸುಮ್ನೆ ನಂಬಿಬಿಡುತ್ತಾರೆ ಅನ್ನುವುದನ್ನು ಅವರು ಗಮನಿಸಿದರು. ಬೆಕ್ 2021ರಲ್ಲಿ ತೀರಿಕೊಂಡರು, ಆಗ ಅವರಿಗೆ ನೂರು ವರ್ಷ.

ತತ್ವ ಬಹಳ ಸರಳ. ಯೋಚನೆ, ಮೈ, ನಾವು ಮಾಡುವ ಕೆಲಸ, ಈ ಮೂರೂ ಒಂದನ್ನೊಂದು ಎಳೆದಾಡುತ್ತವೆ. ಆ ಹೆಂಗಸಿಗೆ ಏರು ಹತ್ತುವಾಗ ಎದೆ ಜೋರಾಗಿ ಬಡಿಯಿತು. ‘ಹಾರ್ಟ್ ಹೋಯಿತು’ ಅಂತ ಯೋಚನೆ ಬಂತು. ಭಯಕ್ಕೆ ಉಸಿರು ಜೋರಾಯಿತು, ಜೋರು ಉಸಿರಿಗೆ ಬೆರಳು ಜೋಮು ಹಿಡಿಯಿತು, ಜೋಮು ಕಂಡು ಯೋಚನೆ ಇನ್ನೂ ಗಟ್ಟಿಯಾಯಿತು. ಕೆಲಸ ಬಿಟ್ಟು ಕೂತರು. ಕೂತಾಗ ಕಡಿಮೆಯಾಯಿತು, ಹಾಗಾಗಿ ‘ಕೂತಿದ್ದಕ್ಕೆ ಬದುಕಿದೆ’ ಅಂತಾಯಿತು. ಮರುದಿನದಿಂದ ಏರು ಹತ್ತುವುದೇ ಬಿಟ್ಟರು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಬುದ್ಧಿವಾದ ಹೇಳಿ ಕತ್ತರಿಸಲು ಆಗುವುದಿಲ್ಲ. ಕೇಳಿ ಕತ್ತರಿಸಬೇಕು, ಅವರೇ ಮಾಡಿ ನೋಡುವ ಹಾಗೆ ಮಾಡಬೇಕು.

ತರಬೇತಿ ಮುಗಿಸಿ ಬಂದ ಮೇಲೆ ನಾನು ಅವರ ಜೊತೆ ಮಾಡಿದ್ದು ಹೀಗೆ. ಅವರಿಗೆ ಓದು ಬರಹ ಬರುವುದಿಲ್ಲ, ಪುಸ್ತಕದಲ್ಲಿ ಬರೆಯಿರಿ ಅಂದರೆ ಪ್ರಯೋಜನವಿಲ್ಲ. ಎರಡು ಖಾಲಿ ಡಬ್ಬ ಇಟ್ಟುಕೊಳ್ಳಲು ಹೇಳಿದೆ. ‘ಈಗ ಹಾರ್ಟ್ ಹೋಗುತ್ತದೆ’ ಅನ್ನಿಸಿದಾಗಲೆಲ್ಲ ಮೊದಲ ಡಬ್ಬಕ್ಕೆ ಒಂದು ಕಾಫಿ ಬೀಜ ಹಾಕಿ. ನಿಜವಾಗಿ ಹಾರ್ಟ್ ಹೋದರೆ ಎರಡನೇ ಡಬ್ಬಕ್ಕೆ ಹಾಕಿ. ‘ಹೋದ ಮೇಲೆ ಹಾಕುವುದು ಯಾರು ಸಿಸ್ಟರ್?’ ಅಂತ ಅವರೇ ಕೇಳಿ ನಕ್ಕರು. ಆ ನಗು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ. ತಿಂಗಳ ಕೊನೆಗೆ ಮೊದಲ ಡಬ್ಬ ತಂದು ಮೇಜಿನ ಮೇಲೆ ಸುರಿದರು. ಎಣಿಸಿದೆವು, 43 ಬೀಜ. ಎರಡನೆಯದನ್ನು ತಂದೇ ಇರಲಿಲ್ಲ, ಅದರಲ್ಲಿ ಅಷ್ಟರಲ್ಲಾಗಲೇ ಉಪ್ಪು ತುಂಬಿಸಿಟ್ಟಿದ್ದರಂತೆ.

ಅದಾದ ಮೇಲೆ, ಹೃದಯದ ತೊಂದರೆ ಇಲ್ಲ ಅಂತ ಡಾಕ್ಟರ್ ಖಚಿತ ಮಾಡಿದ ಮೇಲೆಯೇ, ಇಬ್ಬರೂ ಆಸ್ಪತ್ರೆಯ ಹಿಂದಿನ ಮೆಟ್ಟಿಲು ಬೇಗ ಬೇಗ ಹತ್ತಿ ಇಳಿದೆವು. ಎದೆ ಬಡಿಯಿತು, ನನ್ನದು ಅವರಿಗಿಂತ ಜಾಸ್ತಿ. ‘ಈಗ ಏನನ್ನಿಸುತ್ತಿದೆ? ಈ ಬಡಿತಕ್ಕೂ ತೋಟದಲ್ಲಿ ಬಂದದ್ದಕ್ಕೂ ಏನು ವ್ಯತ್ಯಾಸ?’ ಅಂತ ಕೇಳಿದೆ. ಕೂರಬೇಡಿ, ಇಳಿಯುವ ತನಕ ನಿಂತೇ ನೋಡಿ ಅಂದೆ. ಇಳಿಯಿತು. ನಾನು ‘ಏನೂ ಆಗಲ್ಲ’ ಅನ್ನಲಿಲ್ಲ, ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಅಂದ ಹಾಗೆ, ಇಂಥವರ ಮುಖಕ್ಕೆ ಪೇಪರ್ ಕವರ್ ಹಿಡಿದು ಉಸಿರಾಡಿಸುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಬಿಟ್ಟುಬಿಡಿ. ಅದು ನಿಜವಾಗಿಯೂ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಆಗಿದ್ದರೆ ಅಪಾಯ.

ಇಷ್ಟು ಓದಿ ಕೆಲವರು ಅಂದುಕೊಳ್ಳಬಹುದು, ಓಹೋ ಪಾಸಿಟಿವ್ ಥಿಂಕಿಂಗ್, ವಾಟ್ಸಾಪ್‌ನಲ್ಲಿ ದಿನಾ ಬೆಳಗ್ಗೆ ಬರುತ್ತಲ್ವಾ ಅಂತ. ಅಲ್ಲ. ಅದಕ್ಕೆ ನಮ್ಮ ಕೊಡಗಿನಷ್ಟು ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

2018ರ ಆಗಸ್ಟ್ ಯಾರಿಗೆ ಮರೆತಿದೆ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಕ್ಕೆ ಗುಡ್ಡವೇ ಇಳಿದು ಬಂತು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ಮನೆ ಕಳೆದುಕೊಂಡು ಬೇರೆ ಕಡೆ ಹೊಸ ಮನೆ ಸೇರಿದ ಒಬ್ಬ ತಾಯಿ ಹೊಟ್ಟೆ ಉರಿ ಅಂತ ಬರುತ್ತಿದ್ದರು. ಹೊಟ್ಟೆ ಉರಿಗೆ ಮಾತ್ರೆ ಕೊಡುತ್ತಾ ಕೊಡುತ್ತಾ ಕೇಳಿದಾಗ ಗೊತ್ತಾಯಿತು, ಮಳೆ ಜೋರಾದ ರಾತ್ರಿ ಅವರು ಮಲಗುವುದೇ ಇಲ್ಲ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಬಟ್ಟೆ ಎಲ್ಲ ಬ್ಯಾಗಿಗೆ ತುಂಬಿ ಬಾಗಿಲ ಹತ್ತಿರ ಇಟ್ಟು ಕೂರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಹಿಡಿದು ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ನೋಡಿ ಬರುತ್ತಾರೆ. ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಮಲಗಲು ಬಿಡುವುದಿಲ್ಲ. ಗಂಡ ‘ಸುಮ್ನೆ ಮಲಗು, ಏನೂ ಆಗಲ್ಲ’ ಅನ್ನುತ್ತಾರೆ.

ನಾನು ಆ ಮಾತನ್ನು ಹೇಗೆ ಹೇಳಲಿ? ಏನೂ ಆಗಲ್ಲ ಅಂತಲೇ ಅಲ್ವಾ ಆ ರಾತ್ರಿಯೂ ಅವರು ಮಲಗಿದ್ದು? ಕೊಡಗಿನಲ್ಲಿ ಮಳೆಗೆ ಹೆದರುವುದು ಭ್ರಮೆ ಅಲ್ಲ. ಸಿಬಿಟಿ ಕೂಡ ಅದನ್ನು ಭ್ರಮೆ ಅನ್ನುವುದಿಲ್ಲ. ಅದು ಕೇಳುವುದು ಬೇರೆ ಪ್ರಶ್ನೆ: ಈ ಭಯದಲ್ಲಿ ಎಷ್ಟು ಪಾಲು ನಿಮ್ಮನ್ನು ಉಳಿಸುತ್ತದೆ, ಎಷ್ಟು ಪಾಲು ನಿಮ್ಮನ್ನು ತಿನ್ನುತ್ತದೆ?

ಕೂತು ಬೇರೆ ಮಾಡಿದೆವು. ನೆಲದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಮರ, ತೋಡಿನ ನೀರು ದಿಢೀರ್ ಕೆಸರಾಗುವುದು ಅಥವಾ ನಿಂತುಹೋಗುವುದು, ಇವು ನೋಡಬೇಕಾದ ಗುರುತು. ಸಂಜೆ ಬೆಳಕಿರುವಾಗ ಒಮ್ಮೆ ನೋಡಿ. ಎಲ್ಲಿಗೆ ಹೋಗುವುದು, ಯಾರಿಗೆ ಫೋನ್ ಮಾಡುವುದು ಬರೆದು ಗೋಡೆಗೆ ಅಂಟಿಸಿ. ಎಚ್ಚರಿಕೆ ಬಂದರೆ ಮನೆ ಬಿಟ್ಟು ಹೊರಡಿ, ಯೋಚನೆ ಮಾಡುತ್ತಾ ಕೂರಬೇಡಿ. ಬ್ಯಾಗ್ ಇರಲಿ, ಅದು ಬುದ್ಧಿವಂತಿಕೆ. ಆದರೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಏನು ಕಾಣುತ್ತದೆ? ಅವರೇ ಯೋಚಿಸಿ ಹೇಳಿದರು, ‘ಮಳೆ ಬಿಟ್ಟರೆ ಏನೂ ಕಾಣುವುದಿಲ್ಲ ಸಿಸ್ಟರ್, ನೋಡಿ ಬಂದ ಮೇಲೆ ಎದೆ ಇನ್ನೂ ಜೋರಾಗುತ್ತದೆ.’ ಆ ಟಾರ್ಚಿನ ಓಡಾಟವನ್ನು ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದೆವು. ಶೀಟಿನ ಮೇಲೆ ಮಳೆ ಬೀಳುವ ಸದ್ದನ್ನು ಅವರ ಮಗನೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಟ್ಟ. ಬಿಸಿಲಿರುವ ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೊದಲು ಐದು ನಿಮಿಷ ಕೇಳಿದರು, ಅತ್ತರು, ಎದ್ದು ಹೋಗಲಿಲ್ಲ. ಇದನ್ನು ನಾನು ನನ್ನಷ್ಟಕ್ಕೆ ಮಾಡಲಿಲ್ಲ. ಪ್ರತಿ ವಾರ ಒಬ್ಬ ಮನಶ್ಶಾಸ್ತ್ರಜ್ಞರಿಗೆ ಫೋನ್ ಮಾಡಿ, ಹೆಸರು ಹೇಳದೆ ಆ ವಾರದ್ದನ್ನು ವಿವರಿಸಿ, ಮುಂದೇನು ಅಂತ ಕೇಳಿಕೊಂಡೇ ಮಾಡಿದೆ. ಆಘಾತದ ನೆನಪುಗಳನ್ನು ಅರೆಬರೆ ಕಲಿತವರು ಕೆದಕಬಾರದು. ಈಗಲೂ ಜೋರು ಮಳೆಗೆ ಅವರಿಗೆ ಎಚ್ಚರ ಆಗುತ್ತದೆ. ಆದರೆ ಮತ್ತೆ ಮಲಗುತ್ತಾರೆ.

ಇನ್ನೊಬ್ಬರು ಮಿಲಿಟರಿಯಿಂದ ನಿವೃತ್ತರು. ಹೆಂಡತಿ ತೀರಿಹೋದ ಮೇಲೆ ತೋಟಕ್ಕೆ ಇಳಿಯುವುದು ಬಿಟ್ಟಿದ್ದರು, ಒಂದು ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಿದ್ದಕ್ಕೆ ‘ತೋಟವೇ ಮುಗಿಯಿತು, ನಾನೂ ಮುಗಿದೆ’ ಅನ್ನುತ್ತಿದ್ದರು. ಮಗಳು ಬಲವಂತ ಮಾಡಿ ಕರೆತಂದಿದ್ದು. ‘ಮನಸ್ಸಿಲ್ಲ ಸಿಸ್ಟರ್, ಮನಸ್ಸು ಸರಿಯಾದ ಮೇಲೆ ಎಲ್ಲ ಮಾಡುತ್ತೇನೆ.’ ಖಿನ್ನತೆಯಲ್ಲಿ ಎಲ್ಲರೂ ಹೇಳುವುದು ಇದನ್ನೇ. ಸಿಬಿಟಿ ಇದನ್ನು ತಿರುಗಿಸಿ ಹಾಕುತ್ತದೆ: ಮನಸ್ಸು ಬಂದ ಮೇಲೆ ಕೆಲಸ ಅಲ್ಲ, ಕೆಲಸ ಮಾಡಿದ ಮೇಲೆ ಮನಸ್ಸು ನಿಧಾನಕ್ಕೆ ಹಿಂದಿನಿಂದ ಬರುತ್ತದೆ.

ನಮ್ಮ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದಲ್ವಾ, ಬೆಳಗ್ಗೆ ಎದ್ದು ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆದಿಡುವುದು. ಅವರು ಮೂವತ್ತು ವರ್ಷ ಬರೆದಿದ್ದವರು, ಆ ವರ್ಷ ನಿಲ್ಲಿಸಿದ್ದರು. ನಾನು ಕೊಟ್ಟ ಮೊದಲ ಮನೆಕೆಲಸ ಅಷ್ಟೇ, ಬೆಳಗ್ಗೆ ಎಂಟಕ್ಕೆ ಹೊರಗೆ ಹೋಗಿ ಮಳೆ ಅಳೆದು ಬರೆಯಿರಿ, ಮನಸ್ಸು ಇರಲಿ ಬಿಡಲಿ. ‘ಪಿ.ಟಿ. ಪರೇಡಿಗೆ ಮನಸ್ಸು ಕೇಳುತ್ತಿದ್ದರಾ ಸಾರ್?’ ಅಂದೆ. ಆ ಮಾತು ಅವರಿಗೆ ತಾಗಿತು. ಎರಡನೇ ವಾರ ಹತ್ತು ಮೆಣಸಿನ ಬಳ್ಳಿ ನೋಡಿ ಬರುವುದು ಸೇರಿತು. ಅದೇ ಪುಸ್ತಕದಲ್ಲಿ ಇಂಚಿನ ಪಕ್ಕ ಎರಡು ಅಂಕಿ, ಹತ್ತಕ್ಕೆ ಎಷ್ಟು ಖುಷಿ, ಹತ್ತಕ್ಕೆ ಎಷ್ಟು ಸಾಧಿಸಿದೆ ಅನ್ನಿಸಿತು. ಮೊದಲ ಪುಟದಲ್ಲಿ ಖುಷಿ ಎಲ್ಲ ಸೊನ್ನೆ, ಒಂದು, ಸೊನ್ನೆ. ‘ಈ ವರ್ಷ ಪೂರ್ತಿ ಒಂದು ದಿನವೂ ಚೆನ್ನಾಗಿರಲಿಲ್ಲ’ ಅಂತ ಒಮ್ಮೆ ಹೇಳಿದಾಗ ಪುಸ್ತಕ ತೆಗೆಸಿದೆ. ಒಂದು ಗುರುವಾರ ಆರು ಅಂತ ಬರೆದಿತ್ತು, ಮೊಮ್ಮಗಳು ಬಂದಿದ್ದ ದಿನ. ತಲೆಯಲ್ಲಿರುವ ಮಳೆ ಬೇರೆ, ಪುಸ್ತಕದಲ್ಲಿರುವ ಮಳೆ ಬೇರೆ ಅಂತ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ನೇರ ಗೆರೆಯಲ್ಲಿ ಹೋಗಲಿಲ್ಲ. ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಕುಡಿತ ಹೆಚ್ಚಾಗಿ ಮೂರು ವಾರ ಪತ್ತೆಯೇ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ದಿನಾ ಜಾಸ್ತಿ ಕುಡಿಯುವವರು ಯಾರದೋ ಮಾತು ಕೇಳಿ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಮೊದಲು ಡಾಕ್ಟರ್, ಆಮೇಲೆ ನಮ್ಮ ಪುಸ್ತಕ. ಹಾಗೆಯೇ ಕಿವಿಯಲ್ಲಿ ಧ್ವನಿ ಕೇಳಿಸುವವರಿಗೆ, ತೀರಾ ಊಟ ನಿದ್ರೆ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು. ಸಿಬಿಟಿ ಬಂತು ಅಂತ ಮಾತ್ರೆ ನಿಲ್ಲಿಸಿದವರನ್ನೂ ನಾನು ನೋಡಿದ್ದೇನೆ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಇದೆ ಅಂದರೆ ಅವತ್ತು ಡಬ್ಬ ಪುಸ್ತಕ ಎಲ್ಲ ಪಕ್ಕಕ್ಕೆ. ಒಬ್ಬರನ್ನೇ ಬಿಡಬಾರದು, ತೋಟದ ಕೀಟನಾಶಕ ಇಟ್ಟ ಸ್ಟೋರಿನ ಬೀಗದ ಕೈ ಬೇರೆಯವರ ಹತ್ತಿರ ಇರಬೇಕು, ಅವತ್ತೇ ಡಾಕ್ಟರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

‘ಇದೆಲ್ಲ ತಜ್ಞರ ಕೆಲಸ, ನರ್ಸ್‌ಗಳಿಗ್ಯಾಕೆ’ ಅಂತ ನನ್ನ ಮೇಲಧಿಕಾರಿಯೊಬ್ಬರು ಮುಖದ ಮೇಲೆಯೇ ಕೇಳಿದ್ದರು. ಅವತ್ತು ಉತ್ತರ ಹೊಳೆಯಲಿಲ್ಲ, ಇವತ್ತು ಬರೆಯುತ್ತೇನೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಐಸಾಕ್ ಮಾರ್ಕ್ಸ್ ಎಂಬ ವೈದ್ಯರು 1970ರ ದಶಕದಲ್ಲೇ ನರ್ಸ್‌ಗಳಿಗೆ ವರ್ತನೆಯ ಚಿಕಿತ್ಸೆ ಕಲಿಸಿ, ಭಯದ ಕಾಯಿಲೆ ಇರುವವರನ್ನು ಅವರ ಕೈಗೇ ಒಪ್ಪಿಸಿದ್ದರು. ಅಷ್ಟು ದೂರ ಬೇಡ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ಸಿಬಿಟಿಯ ಸರಳ ವಿಧಾನ ಕಲಿಸಿ, ಖಿನ್ನತೆಯಲ್ಲಿದ್ದ ಬಸುರಿ ಬಾಣಂತಿಯರ ಮನೆಗೆ ಕಳಿಸಿದರು. 2008ರಲ್ಲಿ ಫಲಿತಾಂಶ ಬಂತು. ಹೆರಿಗೆಯಾಗಿ ಆರು ತಿಂಗಳಿಗೆ ಈ ಗುಂಪಿನಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಗೆ, ಆ ವಿಧಾನ ಸಿಗದ ಗುಂಪಿನಲ್ಲಿ 53 ಮಂದಿಗೆ. ನಮ್ಮದೇ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಜ್ಞರಲ್ಲದ ಸ್ಥಳೀಯರೇ ಆರರಿಂದ ಎಂಟು ಭೇಟಿಯಲ್ಲಿ, ಮಳೆ ಪುಸ್ತಕದವರ ಜೊತೆ ನಾನು ಮಾಡಿದಂಥ ಕೆಲಸವನ್ನೇ ಮಾಡಿ ತೋರಿಸಿದ್ದಾರೆ, ಅದು ಪ್ರಕಟವಾಗಿದ್ದು 2017ರಲ್ಲಿ. ಅದೇ ವರ್ಷ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರದ ಕಡೆಯಿಂದ ಮನಸ್ಸಿನ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಅಂದಿದೆ. ಹಕ್ಕು ಪುಸ್ತಕದಲ್ಲಿ ಭದ್ರವಾಗಿದೆ.

ನಾನು ಈ ಮೂವರ ಜೊತೆ ಕೂತದ್ದು ಎಲ್ಲಿ ಗೊತ್ತಾ? ಒಬ್ಬರ ಜೊತೆ ಲಸಿಕೆ ಇಡುವ ಫ್ರಿಜ್ಜಿನ ಪಕ್ಕ, ಒಬ್ಬರ ಜೊತೆ ಹಿಂದಿನ ಮೆಟ್ಟಿಲ ಮೇಲೆ. ನಿವೃತ್ತರು ಮಾತಾಡುತ್ತಾ ಅಳುವ ಹೊತ್ತಿಗೆ ಬಾಗಿಲಿಲ್ಲದ ಆ ಮೂಲೆಗೆ ಯಾರೋ ಬಂದು ‘ಸಿಸ್ಟರ್, ಡ್ರೆಸ್ಸಿಂಗ್’ ಅಂದರು, ಅವರು ಕಣ್ಣೊರೆಸಿಕೊಂಡು ಎದ್ದುಬಿಟ್ಟರು. ಮೂರೂ ನನ್ನ ಊಟದ ಹೊತ್ತಿನಲ್ಲಿ ನಡೆದಿದ್ದು. ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ, ಹಾಗಾಗಿ ಲೆಕ್ಕದಲ್ಲಿ ನಾನು ಆ ಹೊತ್ತು ಏನೂ ಮಾಡಿಲ್ಲ.

ಜಿಲ್ಲೆಯ ಆರೋಗ್ಯ ಇಲಾಖೆಯವರು ಇದನ್ನು ಓದಿದರೆ ನಾನು ಕೇಳುವುದು ದೊಡ್ಡದಲ್ಲ. ಪ್ರತಿ ತಾಲ್ಲೂಕಿನಲ್ಲಿ ಇಬ್ಬರು ನರ್ಸ್‌ಗಳನ್ನಾದರೂ ಆರಿಸಿ, ಇಷ್ಟ ಇರುವವರನ್ನೇ ಆರಿಸಿ. ಮೂರು ದಿನ ಕೂರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ತರಬೇತಿ ಬೇಡ. ನಿಮ್ಹಾನ್ಸ್‌ನವರು ನರ್ಸ್‌ಗಳಿಗೂ ಆನ್‌ಲೈನ್‌ನಲ್ಲಿ ಕಲಿಸುತ್ತಾರೆ, ಅದಕ್ಕೆ ಸೇರಿಸಿ, ಆಮೇಲೆ ಎರಡು ವಾರಕ್ಕೊಮ್ಮೆಯಾದರೂ ‘ಇಲ್ಲಿ ಸಿಕ್ಕಿಕೊಂಡಿದ್ದೇನೆ’ ಅಂತ ಕೇಳಲು ಒಬ್ಬ ತಜ್ಞರ ಫೋನ್ ನಂಬರ್ ಕೊಡಿ. ವಾರದಲ್ಲಿ ಒಂದು ಮಧ್ಯಾಹ್ನ ಆ ನರ್ಸ್‌ಗೆ ಇಂಜೆಕ್ಷನ್ ರೂಮಿನ ಡ್ಯೂಟಿ ಹಾಕಬೇಡಿ. ಮತ್ತೆ ಬಾಗಿಲಿರುವ ಒಂದು ಕೋಣೆ, ಎರಡು ಕುರ್ಚಿ. ಕೋಣೆಗೆ ‘ಮಾನಸಿಕ’ ಅಂತ ಬೋರ್ಡ್ ಹಾಕದಿದ್ದರೆ ಇನ್ನೂ ಉಪಕಾರ, ನಮ್ಮೂರಲ್ಲಿ ಆ ಬೋರ್ಡ್ ಕೆಳಗೆ ಯಾರೂ ಕಾದು ಕೂರುವುದಿಲ್ಲ.

ಪತ್ರ ಬಹಳ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ನನ್ನ ಸಿಟ್ಟಿನ ಭಾಗಗಳನ್ನು ಕತ್ತರಿಸಿ. ಎರಡು ಡಬ್ಬದ ವಿಷಯ ಮತ್ತು 14416 ಮಾತ್ರ ಕತ್ತರಿಸದೆ ಉಳಿಸಿ.

ಇತಿ,
ಒಬ್ಬ ಶುಶ್ರೂಷಾಧಿಕಾರಿ, ಕೊಡಗು
(ಹೆಸರು ನಿಮಗೆ ಬೇರೆ ಕಾಗದದಲ್ಲಿ ಕೊಟ್ಟಿದ್ದೇನೆ, ಹಾಕಬೇಡಿ. ಹಾಕಿದರೆ ಆ ಮೂವರೂ ಯಾರು ಅಂತ ನಾಳೆ ಬೆಳಗ್ಗೆಯೇ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಗುತ್ತದೆ.)